ಅಳೋ ಮುಖಕ್ಕೊಂದು ಬೊಟ್ಟು

ಅಕ್ಷರ ಬಾರದವಳು ಪೇಪರ್ ಅಂಗಡೀಲಿ ಕೂತ್ರೆ ದಿನಕ್ಕೊಂದು ಫಜೀತಿ ಆಗದೆ ಇರುತ್ತಾ? ಬಾಗಲಗುಂಟೆ ಬಸ್ ಸ್ಟಾಪಿನ ಪಕ್ಕ ನಮ್ಮದೊಂದು ಪೆಟ್ಟಿಗೆ ಅಂಗಡಿ. ಯಾವ ಪೇಪರು ಯಾವುದು ಅಂತ ನಾನು ಗುರುತು ಹಿಡಿಯೋದು ಬಣ್ಣ ನೋಡಿ, ದಪ್ಪ ಮುಟ್ಟಿ. ಒಂದೆರಡನ್ನ ಮೂಸಿ. ಗಿರಾಕಿಗಳಿಗೂ ಇದು ಗೊತ್ತು, ಅವರೇ ಎಳ್ಕೊಂಡು ಹೋಗ್ತಾರೆ. ಈ ಕಥೇನೂ ಅಷ್ಟೇ, ನಾನು ಹೇಳ್ತಾ ಹೋಗ್ತೀನಿ, ಸೊಸೆ ಬರ್ಕೊಳ್ತಾಳೆ. ಅವಳ ಗಂಡನ್ನ ನಾನು ಬೈಯೋ ಕಡೆ ಮಾತ್ರ ಅಕ್ಷರ ಸ್ವಲ್ಪ ದುಂಡಗೆ ಬರುತ್ತೆ.

ಇಪ್ಪತ್ತು ಫಾರಂ

ನಮ್ಮಲ್ಲಿ ಗಂಡಸರ ಪತ್ರಿಕೆ ಅಂತ ಒಂದು ಬರೋದು, ತಿಂಗಳಿಗೊಂದು ಸಲ. ಹೆಂಗಸರ ಪತ್ರಿಕೇಲಿ ಅಡುಗೆ, ಸೀರೆ, ರಂಗೋಲಿ ಇರೋ ಹಾಗೆ ಇದರಲ್ಲಿ ಗಡ್ಡ, ತೋಳು, ಬೈಕು, ಬೆಟ್ಟ. ಒಳಗೆ ಒಂದು ಹಾಳೆಗೆ ಸೆಂಟ್ ಸವರಿರ್ತಾರೆ. ನಾನು ಮೂಸಿ ಗುರುತು ಹಿಡಿಯೋದು ಇದನ್ನೇ. ಮುಖಪುಟದಲ್ಲಿ ಪ್ರತಿ ಸಲ ಅಂಗಿ ಹಾಕದ ಗಂಡಸೊಬ್ಬ ಬಂಡೆ ಮೇಲೆ ನಿಂತು ದೂರ ಎಲ್ಲೋ ನೋಡ್ತಿರ್ತಾನೆ, ಬಸ್ಸಿಗೆ ಕಾಯ್ತಿರೋನ ಹಾಗೆ.

ಉಳಿದ ಪೇಪರೆಲ್ಲ ಈಗ ಜನ ಫೋನಲ್ಲೇ ನೋಡ್ತಾರೆ. ನಮ್ಮಂಗಡಿ ಉಸಿರು ಹಿಡ್ಕೊಂಡಿದ್ದು ಈ ಪತ್ರಿಕೆಯ ಇಪ್ಪತ್ತು ಜನ ಚಂದಾದಾರರಿಂದ. ನಮ್ಮೆಜಮಾನ್ರು ಮನೆಮನೆ ಸುತ್ತಿ ಕಟ್ಟಿದ ಪಟ್ಟಿ ಅದು. ಅವರು ಹೋಗಿ ಆರು ವರ್ಷ. ಅವತ್ತಿಂದ ಅವರ ಸ್ಟೂಲಿನ ಮೇಲೆ ನಾನು ಕೂತಿದ್ದೀನಿ. ಪಟ್ಟೀಲಿ ಒಬ್ಬರು ಬಿಟ್ರೆ ಇನ್ನೊಬ್ಬರನ್ನ ಹಿಡಿದು ಸೇರಿಸಿ, ಇಪ್ಪತ್ತಕ್ಕೆ ಕಮ್ಮಿ ಆಗೋಕೆ ಬಿಟ್ಟಿಲ್ಲ.

ಒಂದು ದಿನ ಪತ್ರಿಕೆ ಕಂಪನಿಯ ಮನುಷ್ಯ ಬೈಕಲ್ಲಿ ಬಂದ. ಕೈಯಲ್ಲಿ ಇಪ್ಪತ್ತು ಫಾರಂ.

"ಅಜ್ಜಿ, ನಿಮ್ಮ ಚಂದಾದಾರರ ಅಭಿಪ್ರಾಯ ಬೇಕಂತೆ ಆಫೀಸಿಗೆ. ಪತ್ರಿಕೆ ಹೆಂಗಿದೆ, ಮುಂದುವರಿಸ್ತಾರಾ ಅಂತ. ಚೆನ್ನಾಗಿ ಬಂದ್ರೆ ಬಂಡಲ್ ನಿಮ್ಮಂಗಡಿಗೇ ಬರುತ್ತೆ. ಇಲ್ಲಾಂದ್ರೆ ನಿಲ್ಲುತ್ತೆ."

"ಬರೆಸ್ಕೊಂಡು ಬರ್ಬೇಕೇನಪ್ಪ?"

"ಬರೆಯೋದೇನೂ ಬೇಡ. ಕೆಳಗೆ ಐದು ಮುಖ ಇದಾವೆ ನೋಡಿ. ಒಂದಕ್ಕೆ ಗುರುತು ಹಾಕಿಸಿ, ಸಾಕು."

ನೋಡ್ದೆ. ಮೊದಲನೇದು ಬಾಯ್ತುಂಬ ನಗ್ತಿತ್ತು. ಆಮೇಲಾಮೇಲೆ ನಗು ಇಳೀತಾ ಹೋಗಿ, ಕೊನೇದರ ಕಣ್ಣಲ್ಲಿ ನೀರು. ಯಾವುದಕ್ಕೆ ಏನರ್ಥ ಅಂತ ಕೇಳೋಷ್ಟರಲ್ಲಿ ಅವನ ಫೋನ್ ಬಡ್ಕೊಳ್ತು. ಹೋದ.

ಸಾಯಂಕಾಲ ಮಗನಿಗೆ ಹೇಳ್ದೆ. ಪೀಣ್ಯದಲ್ಲಿ ಕೆಲಸ ಮಾಡಿ ಬಂದಿದ್ದ. ಶೂ ಬಿಚ್ತಾನೇ ಅಂದ, "ಅಮ್ಮ, ಇದೂ ನಿಂತ್ರೆ ಅಂಗಡಿ ಮುಚ್ಬಿಡೋಣ. ಮೊಬೈಲ್ ಕವರ್ ಮಾರೋನು ಜಾಗ ಕೇಳ್ತಾ ಇದಾನೆ. ನೀನು ಮನೇಲಿ ಆರಾಮಾಗಿ ಟೀವಿ ನೋಡ್ಕೊಂಡಿರು."

"ಟೀವಿಯೋರು ನನ್ನ 'ಏನಜ್ಜಿ ಸಮಾಚಾರ' ಅಂತ ಕೇಳ್ತಾರೇನೋ?"

"ಸರಿ ಬಿಡು. ಫಾರಂ ಚೆನ್ನಾಗಿ ಬಂದ್ರೆ ನಾನು ಬಾಯ್ ಬಿಡಲ್ಲ. ಬರ್ಲಿಲ್ಲ ಅಂದ್ರೆ ನೀನು ಬಾಯ್ ಬಿಡಬಾರದು."

ಒಪ್ಪಂದ ಆಯ್ತು. ಸೊಸೆ ಪಟ್ಟಿ ನೋಡ್ಕೊಂಡು ಇಪ್ಪತ್ತು ಫಾರಂ ಮೇಲೂ ಹೆಸರು, ವಿಳಾಸ ಬರೆದುಕೊಟ್ಲು. ಇಪ್ಪತ್ತೂ ಗಂಡಸರ ಹೆಸರು. ನಾನು ಮನೆಮನೆ ಬಾಗಿಲು ತಟ್ಟಿದಾಗ ತೆಗೆದ ಗಂಡಸರನ್ನ ಲೆಕ್ಕ ಹಾಕೋಕೆ ಒಂದು ಕೈ ಬೆರಳೂ ಜಾಸ್ತಿ ಆಯ್ತು.

ಬೆಂಚಿನ ಕಾಲು

ಮೊದಲು ಹೋಗಿದ್ದು ದಾಸರಹಳ್ಳಿ ಕಡೆಯ ಒಂದು ಜಿಮ್ಮಿಗೆ. ಮೂರನೇ ಮಹಡಿ. ಮೆಟ್ಟಿಲು ಹತ್ತಿ ಬಾಗಿಲಲ್ಲಿ ಏದುಸಿರು ಬಿಡ್ತಾ ನಿಂತೆ. ಜಿಮ್ಮಿನ ಓನರ್ರು, ಹಲಸಿನ ಹಣ್ಣಿನಂಥ ತೋಳು, ನನ್ನ ನೋಡಿ, "ಬನ್ನಿ ಅಜ್ಜಿ, ಅಡ್ಮಿಶನ್ನಾ?" ಅಂದ. ಕಬ್ಬಿಣ ಎತ್ತುತಿದ್ದೋರೆಲ್ಲ ನಕ್ಕರು. ಒಬ್ಬ ನಕ್ಕ ರಭಸಕ್ಕೆ ಕಬ್ಬಿಣ ಕಾಲ ಮೇಲೆ ಬಿಟ್ಕೊಂಡ. ದೇವರಿದ್ದಾನೆ.

"ನಿಂಗೆ ಪತ್ರಿಕೆ ಬರ್ತಾ ಒಂದು ವರ್ಷ ಆಯ್ತಲ್ಲಪ್ಪ, ಹೆಂಗಿದೆ ಅಂತ ಕೇಳೋಕೆ ಬಂದೆ."

"ಸೂಪರ್ ಅಜ್ಜಿ! ಬಹಳ ಉಪಕಾರ ಆಗಿದೆ."

ನಂಗೆ ಅಲ್ಲೇ ಕಣ್ಣು ತುಂಬಿ ಬಂತು. ಒಬ್ಬನಾದ್ರೂ ಹೇಳಿದ್ನಲ್ಲ. "ಯಾವ ಭಾಗ ಇಷ್ಟನಪ್ಪ?"

"ಬನ್ನಿ, ತೋರಿಸ್ತೀನಿ."

ಮೂಲೆಗೆ ಕರ್ಕೊಂಡೋದ. ಅಲ್ಲೊಂದು ಬೆಂಚು. ಅದರ ಮೇಲೆ ಒಬ್ಬ ದಪ್ಪನೆಯ ಮನುಷ್ಯ ಅಂಗಾತ ಮಲಗಿ ಮುಕ್ಕರೀತಾ ಇದ್ದ. ಬೆಂಚಿನ ಒಂದು ಕಾಲು ಮುರಿದಿತ್ತು. ಆ ಕಾಲಿನ ಜಾಗದಲ್ಲಿ ನಮ್ಮ ಪತ್ರಿಕೆ, ಒಂದರ ಮೇಲೊಂದು, ಹನ್ನೆರಡು. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿಲ್ಲ. ಬಂಡೆ ಮೇಲೆ ನಿಂತ ಅಂಗಿ ಇಲ್ಲದ ಹನ್ನೆರಡು ಜನ ಗಂಡಸರು ಸೇರಿ ಆ ದಪ್ಪನೆಯವನನ್ನ ಹೊತ್ಕೊಂಡಿದ್ರು.

"ಹಂಗಾದ್ರೆ ಚಂದಾ ಮುಂದುವರಿಸ್ತೀಯಾ?"

"ಬೇಡ ಅಜ್ಜಿ. ಒಂದು ವರ್ಷದ್ದು ಕರೆಕ್ಟಾಗಿ ಲೆವೆಲ್ ಬಂತು. ಇನ್ನೊಂದು ಇಟ್ರೆ ಬೆಂಚು ಈ ಕಡೆ ಎತ್ತರ ಆಗುತ್ತೆ."

ಗುರುತು ಹಾಕೋಕೆ ಇಡೀ ಜಿಮ್ಮಲ್ಲಿ ಒಂದು ಪೆನ್ನು ಸಿಗ್ಲಿಲ್ಲ. "ನೀವೇ ಏನಾದ್ರೂ ಹಾಕ್ಕೊಳ್ಳಿ ಅಜ್ಜಿ" ಅಂದ. ಇಳಿಯೋವಾಗ ಮೆಟ್ಟಿಲು ಹತ್ತಿದ್ದಕ್ಕಿಂತ ಜಾಸ್ತಿ ಇದ್ವು.

ಗೇಟಿನ ಮುಂದಿನ ಜೀಪು

ಅಲ್ಲಿಂದ ನಮ್ಮೂರ ಕಡೆಯೋನೊಬ್ಬನ ಮನೆಗೆ. ಅವರಪ್ಪ ಕುರಿ ಕಾಯ್ಕೊಂಡಿದ್ದೋನು. ಮಗ ಹೊಲ ಮಾರಿ ನಾಲ್ಕು ಬಿಲ್ಡಿಂಗ್ ಎಬ್ಬಿಸಿದ್ದಾನೆ. ಗೇಟಿನ ಮುಂದೆ ಒಂದು ಜೀಪು. ಮೇಲೆ ಏಣಿ, ಮುಂದೆ ಹಗ್ಗ, ಹಿಂದೆ ಗುದ್ದಲಿ ಕೂಡ ಕಟ್ಟಿದ್ದ. ಜೀಪಿಗೆ ಏನೇನು ಬೇಕೋ ಎಲ್ಲ ಇತ್ತು, ಕೆಸರೊಂದು ಬಿಟ್ಟು.

"ಈ ಪತ್ರಿಕೆ ಓದಿನೇ ಕಣಜ್ಜಿ ನಾನು ಜೀಪ್ ತಗೊಂಡಿದ್ದು" ಅಂದ. "ಬೆಟ್ಟ, ಕಾಡು, ನದಿ, ಎಲ್ಲಿ ಬೇಕಾದ್ರೂ ನುಗ್ಗುತ್ತೆ."

"ಎಲ್ಲೆಲ್ಲಿ ನುಗ್ಗಿಸ್ದೆ ಮಗಾ?"

ಅಡುಗೆಮನೆಯಿಂದ ಅವನ ಹೆಂಡ್ತಿ ಕೂಗಿದ್ಲು. "ಎಲ್ಲಿಗೂ ಇಲ್ಲ ಕಣಜ್ಜಿ! ಆಚೆ ತೆಗೆದ್ರೆ ಎದುರುಮನೆಯೋರು ಆ ಜಾಗಕ್ಕೆ ಕಾರ್ ತಂದು ನಿಲ್ಲಿಸ್ತಾರಂತೆ. ಎರಡು ವರ್ಷದಿಂದ ಜಾಗ ಕಾಯ್ತಾ ನಿಂತಿದೆ. ಭಾನುವಾರ ಭಾನುವಾರ ಟೋಪಿ ಹಾಕ್ಕೊಂಡು ಒಳಗೆ ಕೂತು, ಸ್ಟಾರ್ಟ್ ಮಾಡಿ, ಆಫ್ ಮಾಡಿ, ಇಳ್ಕೊಂಡು ಬರ್ತಾರೆ."

ಅವನ ಅಪ್ಪನ್ನ ನಾನು ನೋಡಿದ್ದೀನಿ. ಹೆಸರಘಟ್ಟದ ಹುಲ್ಲುಗಾವಲಲ್ಲಿ ಬರಿಗಾಲಲ್ಲಿ ತಿರುಗಿ, ಒಂದು ಸಲ ಕುರಿ ಹಿಡಿಯೋಕೆ ಬಂದ ತೋಳವನ್ನ ಬರೀ ದೊಣ್ಣೇಲಿ ಓಡಿಸಿದ್ದ. ಅವನೂ ಅಂಗಿ ಹಾಕ್ತಿರ್ಲಿಲ್ಲ. ಇರ್ಲಿಲ್ಲ, ಅದಕ್ಕೆ. ಅವನ ಫೋಟೋ ಯಾರೂ ತೆಗೀಲಿಲ್ಲ.

ಹೊರಡೋಕೆ ಎದ್ದೆ. ಅವನ ಹೆಂಡ್ತಿ ಅಭ್ಯಾಸಬಲದ ಮೇಲೆ ಕುಂಕುಮದ ಭರಣಿ ಹಿಡ್ಕೊಂಡು ಬಂದ್ಲು. ಮನೆಗೆ ಬಂದ ಹೆಂಗಸನ್ನ ಹಂಗೇ ಕಳಿಸಬಾರದಲ್ಲ. ಬೆರಳು ಅದ್ದಿ ನನ್ನ ಹಣೆ ಹತ್ರ ತಂದವಳು, ಬರಿ ಹಣೆ ನೋಡಿ ನಿಲ್ಲಿಸಿಬಿಟ್ಲು. ಬೆರಳು ಗಾಳೀಲೇ ಉಳೀತು. ಇಡೋ ಹಾಗಿಲ್ಲ, ವಾಪಸ್ ಭರಣಿಗೆ ಒರೆಸಿದ್ರೆ ನಂಗೆ ಬೇಜಾರಾಗುತ್ತೆ. ಪಾಪ, ಹುಡುಗಿ ಮುಖ ಕೆಂಪಾಯ್ತು. ಆರು ವರ್ಷದಿಂದ ಇಂಥ ಬೆರಳು ಎಷ್ಟು ನೋಡಿದ್ದೀನಿ. ಅವಳನ್ನ ಪಾರುಮಾಡೋಕೆ ಫಾರಂ ಮುಂದೆ ಹಿಡಿದೆ.

"ಇದಕ್ಕೆ ಇಡವ್ವ. ಈ ಮುಖಗಳಲ್ಲಿ ಒಂದಕ್ಕೆ ಗುರುತು ಬೇಕಂತೆ."

ಅವಳಿಗೆ ಜೀವ ಬಂತು. ಐದೂ ಮುಖ ನೋಡಿದ್ಲು. "ಅಯ್ಯೋ, ಇದೊಂದು ಅಳ್ತಾ ಇದೆ ನೋಡಜ್ಜಿ" ಅಂತ ಆ ಅಳೋ ಮುಖದ ಹಣೆಗೆ ಅಚ್ಚುಕಟ್ಟಾಗಿ ಒಂದು ಬೊಟ್ಟಿಟ್ಲು.

ನಂಗೂ ಅದೇ ನ್ಯಾಯ ಅನ್ನಿಸ್ತು. ನಗ್ತಿರೋರಿಗೆ ಇನ್ನೇನು ಬೇಕು? ನಮ್ಮತ್ತೆ ಮನೇಲಿ ಮಕ್ಕಳೆಲ್ಲ ತಟ್ಟೆ ಹಿಡಿದು ಕೂತಾಗ, ಅಳ್ತಿರೋ ಮಗುವಿನ ತಟ್ಟೆಗೇ ನಾನು ಮೊದಲು ಮುದ್ದೆ ಹಾಕ್ತಿದ್ದಿದ್ದು. ಇದೇ ಕ್ರಮ ಇರ್ಬೇಕು ಅಂದ್ಕೊಂಡು ಜಿಮ್ಮಿನವನ ಫಾರಂಗೂ ಅಲ್ಲೇ, ಅದೇ ಜಾಗಕ್ಕೆ ಬೊಟ್ಟು ಇಡಿಸ್ದೆ.

ಜೀಪಿನವನು ಸೋಫಾದಿಂದ ಕತ್ತು ಉದ್ದ ಮಾಡಿದ. "ಏನೇ ಅದು, ಏನ್ ಮಾಡ್ದೆ?"

"ನಿಮ್ಮ ಅಭಿಪ್ರಾಯ ಕೊಟ್ಟೆ" ಅಂದು ಅವಳು ಒಳಗೆ ಹೋದ್ಲು.

ತಲೆ ತರೋದು ಮರೆತವರು

ಬಸ್ ಸ್ಟಾಪಿನ ಹಿಂದಿನ ಕಟಿಂಗ್ ಶಾಪಿನವನು ನಂಗೆ ದಿನಾ ಸಿಗೋನು. ಕೇಳಿದ್ದೇ ತಡ, ಕತ್ತರಿ ಕೆಳಗಿಟ್ಟು ಕೈಮುಗಿದ.

"ಅಜ್ಜಿ, ನಿಮ್ಮ ಪತ್ರಿಕೆಯಿಂದ ನನ್ನ ಬಾಳು ಹಾಳಾಯ್ತು. ಕಾಯೋ ಹೊತ್ತಲ್ಲಿ ಓದ್ಲಿ ಅಂತ ಇಡ್ತೀನಿ. ಕುರ್ಚಿ ಮೇಲೆ ಕೂತು, ಮುಖಪುಟ ತೋರಿಸಿ, 'ಗುರು, ಇದೇ ಥರ ಮಾಡು' ಅಂತಾರೆ. ಮಾಡೋಣ. ಅವನ ಹತ್ರ ಅಷ್ಟು ಕೂದಲಾದ್ರೂ ಇರ್ಬೇಕಲ್ಲ?"

"ಇಲ್ಲ ಅಂತ ಹೇಳ್ಬಾರದಾ?"

"ಹೇಳ್ದೆ. ಒಬ್ಬ ನಾನು ಮೈಮೇಲೆ ಹೊದಿಸಿದ್ದ ಬಟ್ಟೆ ಕಿತ್ತೆಸೆದು, ಒಂದು ಕಡೆ ಮಾತ್ರ ಕತ್ತರಿಸಿಕೊಂಡ ತಲೇಲೇ ಎದ್ದೋದ. ಈಗಲೂ ರಸ್ತೇಲಿ ಸಿಕ್ರೆ ಮುಖ ಆ ಕಡೆ ತಿರುಗಿಸ್ತಾನೆ. ಅದಕ್ಕೆ ಈಗ ಪತ್ರಿಕೇನ ಬೀರುವಲ್ಲಿಟ್ಟು ಬೀಗ ಹಾಕಿದ್ದೀನಿ. ಕಟಿಂಗ್ ಮುಗಿದ ಮೇಲೆ ಕೊಡ್ತೀನಿ, ಡಾಕ್ಟರು ಸೂಜಿ ಚುಚ್ಚಿ ಆಮೇಲೆ ಚಾಕ್ಲೇಟ್ ಕೊಡ್ತಾರಲ್ಲ, ಹಂಗೆ."

"ಹಂಗಾದ್ರೆ ಚಂದಾ ನಿಲ್ಲಿಸ್ತೀಯಾ?"

"ಇಲ್ಲ ಅಜ್ಜಿ, ಎಜಮಾನ್ರ ಕಾಲದಿಂದ ಬರ್ತಿರೋದು." ಅವನ ಕನ್ನಡಿ ಮೇಲಿನ ದೇವರ ಪಟದಿಂದ ಕುಂಕುಮ ತಗೊಂಡು, ನಾನು ತೋರಿಸಿದ ಅಳೋ ಮುಖಕ್ಕೆ ಇಟ್ಟ. "ಆದ್ರೆ ಆಫೀಸಿಗೆ ಒಂದು ಮಾತು ಹೇಳಿ. ಒಂದೇ ಒಂದು ತಿಂಗಳು ಮುಖಪುಟಕ್ಕೆ ಬೋಳುತಲೆಯವನನ್ನ ಹಾಕಿ ಅಂತ. ನಮ್ಮ ಏರಿಯಾದ ಗಂಡಸರೂ ಒಂದು ಸಲ ಕೇಳಿದ್ದನ್ನ ಮಾಡಿಸ್ಕೊಂಡು ಹೋಗ್ಲಿ."

ಹಿಮಾಲಯದಿಂದ ಇಂಟರ್‌ಕಾಮ್

ಪಟ್ಟೀಲಿ ಒಬ್ಬ ಯಲಹಂಕದೋನು. ಮೊದಲು ನಮ್ಮ ಬೀದೀಲೇ ಒಂದು ರೂಮಿನ ಮನೇಲಿದ್ದ. ಆಗ ನಮ್ಮೆಜಮಾನ್ರು ಪತ್ರಿಕೆ ಹಾಕೋಕೆ ಹೋದ್ರೆ ಕಾಫಿ ಕುಡಿಸದೆ ಕಳಿಸ್ತಿರ್ಲಿಲ್ಲ. ಈಗ ಹದಿನೈದು ಅಂತಸ್ತಿನ ಅಪಾರ್ಟ್‌ಮೆಂಟು. ನಾನು ತಿಂಗಳಿಗೊಂದು ಸಲ ಬಸ್ಸಲ್ಲಿ ಹೋಗಿ ಅವನ ಪ್ರತಿ ಗೇಟಲ್ಲಿ ಕೊಟ್ಟು ಬರ್ತೀನಿ. ಗೇಟು ದಾಟಿ ಒಂದಿನಾನೂ ಒಳಗೆ ಹೋಗಿಲ್ಲ.

"ಯಾರು? ಯಾವ ಫ್ಲಾಟು? ಯಾಕೆ?" ಅಂದ ಸೆಕ್ಯೂರಿಟಿ.

"ಅಭಿಪ್ರಾಯ ಕೇಳ್ಬೇಕಾಗಿತ್ತಪ್ಪ."

ಅವನು ಇಂಟರ್‌ಕಾಮ್ ಎತ್ತಿ ಮಾತಾಡಿ ಇಟ್ಟ. "ಸಾರ್ ಮನೇಲಿಲ್ಲ."

"ಯಾರು ಹೇಳಿದ್ದು?"

"ಸಾರೇ ಹೇಳಿದ್ರು."

ನಾನು ಕದಲಲಿಲ್ಲ. ಬಸ್ಸು ಹತ್ತಿ ಬಂದಿದ್ದೆ. ಇನ್ನೊಂದು ಸಲ ಎತ್ತಿಸಿ ರಿಸೀವರ್ ಇಸ್ಕೊಂಡೆ.

"ಅಜ್ಜಿ! ನಾನು ಹಿಮಾಲಯದಲ್ಲಿದ್ದೀನಿ" ಅಂದ. "ಟ್ರೆಕ್ಕಿಂಗು. ಎಲ್ಲ ನಿಮ್ಮ ಪತ್ರಿಕೆ ಪ್ರಭಾವ. ಹಿಮ ಬೀಳ್ತಾ ಇದೆ, ಸರಿಯಾಗಿ ಕೇಳಿಸ್ತಿಲ್ಲ."

ನಂಗೆ ಚೆನ್ನಾಗೇ ಕೇಳಿಸ್ತಿತ್ತು. ಹಿಮಾಲಯದಲ್ಲಿ ಕುಕ್ಕರ್ ಒಂದು ಸಲ ಕೂಗ್ತು. ಎರಡು ಸಲ. ಮೂರನೇದಕ್ಕೆ ಹಿಂದಿಂದ ಹೆಂಗಸಿನ ದನಿ ಬಂತು, "ರೀ, ಮೂರಾಯ್ತು, ಆಫ್ ಮಾಡ್ಬಾರದಾ?"

"ಹೋಗಪ್ಪ" ಅಂದೆ, "ಹಿಮ ಬಿದ್ರೆ ಬೀಳ್ಲಿ, ಬೇಳೆ ಸೀದೋಗುತ್ತೆ."

ಅವನ ಫಾರಂಗೆ ಸೆಕ್ಯೂರಿಟಿಯವನೇ ಅವನ ಕ್ಯಾಬಿನ್ನಿನ ಗಣಪತಿ ಪಟದಿಂದ ಬೊಟ್ಟಿಟ್ಟ. ಯಾವ ಮುಖಕ್ಕೆ ಅಂತ ನಾನು ಹೇಳ್ಬೇಕಾಗೇ ಇರ್ಲಿಲ್ಲ. ಹನ್ನೆರಡು ಗಂಟೆ ಡ್ಯೂಟಿ ಮೇಲೆ ನಿಂತಿದ್ದ ಮನುಷ್ಯ, ಸೀದಾ ಅಳೋದರ ಹತ್ರ ಹೋದ. "ಇದು ನಂದೇ ಫೋಟೋ ಅಜ್ಜಿ" ಅಂದ.

ಕರಡಿ ಬಂದಾಗ

ನಮ್ಮ ಹಿಂದಿನ ಬೀದೀಲಿ ಬಾಡಿಗೆ ಮನೆ. ಫಾರಂ ಗಂಡನ ಹೆಸರಲ್ಲಿ, ಅವನು ಫ್ಯಾಕ್ಟರಿ ಶಿಫ್ಟಿಗೆ ಹೋಗಿದ್ದ. ಹೆಂಡ್ತಿ ಹುರುಳಿಕಾಯಿ ಬಿಡಿಸ್ತಾ ಕೂತಿದ್ಲು. ಪಕ್ಕದಲ್ಲಿ ನಮ್ಮ ಪತ್ರಿಕೆ, ಬಿಚ್ಚಿಟ್ಟಿತ್ತು. ಹಾಳೆ ಮೇಲೆ ಹುರುಳಿಕಾಯಿ ನಾರು. ಫಾರಂ ಹಿಡಿದು ಹೊರಟ ಮೇಲೆ ನಾನು ಬಿಚ್ಚಿದ ಪತ್ರಿಕೆ ನೋಡಿದ್ದು ಅದೇ ಮೊದಲು.

ಫಾರಂ ವಿಷಯ ಹೇಳಿ, "ನೀನು ಓದ್ತೀಯೇನವ್ವ?" ಅಂದೆ.

"ಮೂರು ವರ್ಷದಿಂದ ಒಂದಕ್ಷರ ಬಿಡದೆ ಓದ್ತೀನಿ ಅಜ್ಜಿ. ಅವರು ಮುಖಪುಟದ ಫೋಟೋ ನೋಡಿ, ಹೊಟ್ಟೆ ಒಳಕ್ಕೆ ಎಳ್ಕೊಂಡು, ಬಿಟ್ಟು, ಮಲಗ್ತಾರೆ. ನಂಗೆ ಎಲ್ಲ ಗೊತ್ತು. ಒದ್ದೆ ಸೌದೆ ಹೆಂಗೆ ಹೊತ್ತಿಸೋದು, ಕಾಡಲ್ಲಿ ದಾರಿ ತಪ್ಪಿದ್ರೆ ಹೆಂಗೆ ಬರೋದು. ಎಲ್ಲಿ, ನನ್ನ ಫಾರಂ ಕೊಡಿ."

"ನಿನ್ನ ಹೆಸರಲ್ಲಿ ಇಲ್ಲವ್ವ. ಗಂಡಸರ ಪತ್ರಿಕೆ ಅಲ್ವಾ?"

ಅವಳ ಕೈ ಹುರುಳಿಕಾಯಿ ಮೇಲೆ ನಿಂತುಬಿಡ್ತು. ಗುರುತಿಗೆ ಬೊಟ್ಟಿಟ್ರೆ ಸಾಕು ಅಂದೆ, ಎದ್ದು ಕುಂಕುಮ ತಂದ್ಲು. "ನಂಗೆ ಬಹಳ ಇಷ್ಟ ಅಜ್ಜಿ, ಈ ನಗೋ ಮುಖಕ್ಕೆ ಇಡ್ತೀನಿ" ಅಂದ್ಲು.

ನಾನೇ ಕೈ ಹಿಡಿದೆ. "ಬ್ಯಾಡ ಕಣವ್ವ, ಎಲ್ಲರೂ ಅಳೋದಕ್ಕೆ ಇಟ್ಟವ್ರೆ. ನೀನೊಬ್ಬಳು ಬೇರೆ ಕಡೆ ಇಟ್ರೆ ಆಫೀಸ್ನೋರು ಫಾರಂ ತಪ್ಪು ಅಂದ್ಕೊಂತಾರೆ."

"ಹಂಗಾ?" ಅಂತ ಒಲ್ಲದ ಮನಸ್ಸಿಂದ ಅಳೋದಕ್ಕೇ ಇಟ್ಲು. ಆಮೇಲೆ ಅವಳಿಗೆ ಮತ್ತೆ ಉತ್ಸಾಹ ಬಂತು.

"ಅಜ್ಜಿ, ಕರಡಿ ಎದುರಾದ್ರೆ ಓಡ್ಬಾರದಂತೆ. ಉಸಿರು ಹಿಡಿದು ಸತ್ತಂಗೆ ಬಿದ್ಕೋಬೇಕಂತೆ. ಮೂಸಿ ನೋಡಿ ಅದೇ ಹೋಗುತ್ತಂತೆ. ಹೋದ ತಿಂಗಳು ನಮ್ಮತ್ತೆ ಊರಿಂದ ಬಂದು ಬಾಗಿಲಿಂದಾನೇ ಬೈಯೋಕೆ ಶುರು ಮಾಡಿದ್ರು. ಮಾಡಿ ನೋಡೋಣ ಅಂತ ಅಡುಗೆಮನೇಲಿ ಹಂಗೇ ಬಿದ್ಕೊಂಡೆ."

"ಮೂಸಿ ನೋಡಿದ್ಲಾ?"

"ಬಗ್ಗಿ ನೋಡಿದ್ರು. ನೋಡಿ, 'ಹಾಲು ಒಲೆ ಮೇಲಿದೆ, ಇಳಿಸಿಟ್ಟು ಸಾಯಬಾರದಾಗಿತ್ತಾ' ಅಂದ್ರು."

ಇಪ್ಪತ್ತನೇ ಹೆಸರು

ಹಿಂಗೇ ಹತ್ತೊಂಬತ್ತು ಫಾರಂ ಆಯ್ತು. ಒಬ್ಬೊಬ್ಬರದೂ ಒಂದೊಂದು ಕಾರಣ. ಒಬ್ಬನಿಗೆ ಸೆಂಟ್ ಹಾಳೆ ಮಾತ್ರ ಬೇಕಂತೆ, ಹರಿದು ಅಂಗಿ ಜೇಬಲ್ಲಿಟ್ಕೊಳ್ಳೋಕೆ. ಇನ್ನೊಬ್ಬನ ಹೆಂಡ್ತಿ ಮುಖಪುಟಗಳನ್ನ ಅಡುಗೆಮನೆ ಶೆಲ್ಫಿಗೆ ಹಾಸಿದ್ಲು. ಡಬ್ಬಿ ಎತ್ತಿದ ಕಡೆಯೆಲ್ಲ ಒಬ್ಬೊಬ್ಬ ಗಂಡಸು ಬಂಡೆ ಮೇಲೆ ನಿಂತಿದ್ದ. ಆ ಹುರುಳಿಕಾಯಿಯೋಳು ಬಿಟ್ರೆ ಓದಿದವರು ಯಾರೂ ಇಲ್ಲ. ಎಲ್ಲ ಮನೇಲೂ ಕುಂಕುಮ ಇತ್ತು, ಎಲ್ಲ ಮನೇಲೂ ಬೆರಳು ಒಂದು ಗಳಿಗೆ ಗಾಳೀಲಿ ನಿಲ್ಲೋದು, ಆಮೇಲೆ ಫಾರಂ ಕಡೆ ತಿರುಗೋದು.

ಇಪ್ಪತ್ತನೇ ಫಾರಂ ನಮ್ಮೆಜಮಾನ್ರದ್ದು. ಮೊದಲು ಬಂಡಲ್ ಕೇಳಿದಾಗ ಇಪ್ಪತ್ತು ಜನ ಆಗ್ಲೇಬೇಕು ಅಂದಿದ್ರು ಕಂಪನಿಯೋರು. ಇವರು ಸುತ್ತಿ ಸುತ್ತಿ ಹತ್ತೊಂಬತ್ತು ಮಾಡಿ, ಕೊನೆಗೆ ಅಂಗಡಿ ವಿಳಾಸಕ್ಕೆ ತಮ್ಮ ಹೆಸರೇ ಬರೆಸಿದ್ರು. ಅವರು ಹೋದ ಮೇಲೂ ಅದನ್ನ ನಾನು ತೆಗೆಸಲಿಲ್ಲ. ತೆಗೆಸಿದ್ರೆ ಹತ್ತೊಂಬತ್ತಾಗುತ್ತಲ್ಲ.

ನಿಜ ಹೇಳ್ಬೇಕಂದ್ರೆ ಆ ಪತ್ರಿಕೆ ಓದ್ತಿದ್ದ ಒಬ್ಬನೇ ಗಂಡಸು ಅವರು. ಬೆಳಿಗ್ಗೆ ಸ್ಟೂಲ್ ಮೇಲೆ ಕೂತು, ಹಾಳೆ ಮಡಿಚದ ಹಾಗೆ, ಒಂದೊಂದೇ ಸಾಲಿಗೆ ಬೆರಳಿಟ್ಕೊಂಡು ಓದೋರು. ನಂಗೂ ಓದಿ ಹೇಳೋರು. ಎಲ್ಲೋ ಮಂಜಿನ ಬೆಟ್ಟ, ಅಲ್ಲಿ ಹಗ್ಗ ಕಟ್ಕೊಂಡು ಹತ್ತೋದು. "ಒಂದಿನ ಹೋಗೋಣ ಕಣೇ" ಅನ್ನೋರು. ನಾನು "ಮೊದಲು ಅಂಗಡಿಗೆ ಬೀಗ ಯಾರು ಹಾಕ್ತಾರೆ ಹೇಳಿ" ಅಂತಿದ್ದೆ. ನಂದಿಬೆಟ್ಟಕ್ಕೂ ಹೋಗ್ಲಿಲ್ಲ.

ಅವರ ಫಾರಂ ಯಾರ ಮನೆಗೂ ಒಯ್ಯಲಿಲ್ಲ. ಅಂಗಡಿಯ ದೇವರ ಪಟದಿಂದ ನಾನೇ ಕುಂಕುಮ ತಗೊಂಡೆ. ಆರು ವರ್ಷದ ಮೇಲೆ ಬೆರಳಿಗೆ ಕೆಂಪು ಹತ್ತಿದ್ದು. ಆ ಅಳೋ ಮುಖಕ್ಕೆ ಇಟ್ಟು, "ನಿಮಗಿನ್ನೇನ್ರೀ ಅಳು, ಸ್ಟೂಲ್ ಮೇಲೆ ಕೂತಿರೋಳು ನಾನು" ಅಂದೆ.

ಅಷ್ಟು ಹೇಳೋಷ್ಟರಲ್ಲಿ ಒಬ್ಬ ಬಂದು "ಅಜ್ಜಿ, ಯಾರ ಹತ್ರ ಮಾತಾಡ್ತಿದ್ದೀರ?" ಅಂದ. ಚಂದಾದಾರರ ಹತ್ರ ಅಂದೆ.

ಊರಿಗೆಲ್ಲ ದುಃಖ

ಕಂಪನಿಯ ಮನುಷ್ಯ ಬಂದು ಫಾರಂ ತಿರುಗಿಸ್ತಾ ಹೋದ. ತಿರುಗಿಸ್ತಾ ತಿರುಗಿಸ್ತಾ ಅವನ ಮುಖ ಆ ಐದೂ ಮುಖದ ಹಾಗೆ ಒಂದೊಂದಾಗಿ ಆಯ್ತು.

"ಅಜ್ಜಿ, ಇದೇನು, ರಕ್ತನಾ?"

"ಥೂ, ಬಿಡ್ತು ಅನ್ನು. ಕುಂಕುಮ ಕಣಪ್ಪ."

ಅವನು ಫಾರಂ ಎಲ್ಲ ಬ್ಯಾಗಿಗೆ ಹಾಕ್ಕೊಂಡು ಹೋದ. ಒಂದು ಮಾತು ಆಗ್ಲೇ ಹೇಳಿದ್ರೆ ಏನಾಗ್ತಿತ್ತೋ. ಓದು ಬಂದೋರು ಹಂಗೇ, ತಪ್ಪನ್ನ ಬಾಯಲ್ಲಿ ಹೇಳಲ್ಲ, ಕಾಗದದಲ್ಲಿ ಕಳಿಸ್ತಾರೆ.

ಕಾಗದ ಬಂತು. ಮಗ ಅಂಗಡಿ ಮುಂದೆ ನಿಂತು ಓದಿದ. ನಿಮ್ಮ ಪಟ್ಟಿಯ ಇಪ್ಪತ್ತಕ್ಕೆ ಇಪ್ಪತ್ತೂ ಓದುಗರು ಅತ್ಯಂತ ದುಃಖದಲ್ಲಿದ್ದಾರೆ. ಇಷ್ಟು ದುಃಖ ನಮ್ಮ ಆಫೀಸು ಬೇರೆಲ್ಲೂ ಕಂಡಿಲ್ಲ. ಆದ್ದರಿಂದ ಅಂಗಡಿಗೆ ಬಂಡಲ್ ರದ್ದು. ಕ್ಷಮೆ ಕೋರಿ ಆ ಇಪ್ಪತ್ತೂ ಓದುಗರಿಗೆ ಆರು ತಿಂಗಳು ಪತ್ರಿಕೆ ಉಚಿತ, ಕೊರಿಯರಲ್ಲಿ ನೇರ ಅವರವರ ವಿಳಾಸಕ್ಕೆ.

ಆಗ ಸೊಸೆ ಬಿಡಿಸಿ ಹೇಳಿದ್ಲು, ನಗೋ ಮುಖ ಅಂದ್ರೆ ಚೆನ್ನಾಗಿದೆ ಅಂತ, ಅಳೋ ಮುಖ ಅಂದ್ರೆ ಸಹಿಸೋಕಾಗಲ್ಲ ಅಂತ. ಹೇಳ್ತಾ ಹೇಳ್ತಾ ಸೆರಗಲ್ಲಿ ಬಾಯಿ ಮುಚ್ಕೊಂಡ್ಲು. ಮಗ ಗೋಡೆ ಹಿಡ್ಕೊಂಡು ನಕ್ಕ. ನಗ್ಲಿ. ಅಳೋರಿಗೆ ಒಂದು ಬೊಟ್ಟಿಟ್ಟು ಸಮಾಧಾನ ಮಾಡೋದು ತಪ್ಪು ಅಂತ ಯಾವ ಸ್ಕೂಲಲ್ಲಿ ಹೇಳ್ಕೊಡ್ತಾರೋ ನಂಗೇನು ಗೊತ್ತು? ಹೊಟ್ಟೆ ಉರಿದಿದ್ದು ಬೇರೇದಕ್ಕೆ. ನಗೋ ಮುಖಕ್ಕೆ ಇಡ್ತೀನಿ ಅಂದಿದ್ದ ಒಬ್ಬಳ ಕೈ ಹಿಡಿದು ತಪ್ಪಿಸಿದವಳು ನಾನೇ. ಬೆಂಚಿನವನಿಗೆ ಉಚಿತ. ಜೀಪಿನವನಿಗೆ ಉಚಿತ. ಹಿಮಾಲಯದಲ್ಲಿ ಬೇಳೆ ಬೇಯಿಸೋನಿಗೂ ಉಚಿತ. ಮೆಟ್ಟಿಲು ಹತ್ತಿ ಇಳಿದವಳಿಗೆ ರದ್ದು.

ಒಪ್ಪಂದದ ಪ್ರಕಾರ ನಾನು ಬಾಯ್ ಬಿಡ್ಲಿಲ್ಲ. ಮುಂದಿನ ವಾರವೇ ಮೊಬೈಲ್ ಕವರಿನವನು ಟೇಪ್ ಹಿಡ್ಕೊಂಡು ಬಂದ. ಮಗ ಒಂದು ತುದಿ ಹಿಡಿದ. ನಾನು ಸ್ಟೂಲಿಂದ ಏಳ್ಲಿಲ್ಲ, ನನ್ನ ಸುತ್ತಾನೇ ಅಳೆದ್ರು.

ಅಳೀತಾ ಇರೋವಾಗ ಕೊರಿಯರ್‌ನವನು ಬಂದ. ನಮ್ಮೆಜಮಾನ್ರ ಹೆಸರು ಪೂರ್ತಿ ಕೂಗಿ, "ಯಾರ್ರೀ ಇವರು?" ಅಂದ.

ಅಷ್ಟು ದಿನ ಆದ್ಮೇಲೆ ಆ ಹೆಸರನ್ನ ರಸ್ತೇಲಿ ಯಾರೋ ಕೂಗಿದ್ರು. ಮಗನ ಕೈಯಿಂದ ಟೇಪ್ ಜಾರಿ ಸರ್ರಂತ ಒಳಗೆ ಹೋಯ್ತು.

"ಅಂಗಡಿ ಎಜಮಾನ್ರು. ಕೊಡಪ್ಪ" ಅಂತ ನಾನೇ ಹೆಬ್ಬೆಟ್ಟು ಒತ್ತಿದೆ. ಒಳಗೆ ಪತ್ರಿಕೆ, ಅದರ ಮೇಲೊಂದು ಕಾಗದ. ಮಗನ ಕೈಗೆ ಕೊಟ್ಟೆ. ಅವನು ಮೆಲ್ಲಗೆ ಓದಿದ. "ಪ್ರಿಯ ಓದುಗರೇ, ನಿಮ್ಮ ದುಃಖ ನಮಗೆ ಅರ್ಥವಾಗುತ್ತದೆ. ಒಂದೇ ಕಡೆ ಮಲಗಿ ಕೊರಗಬೇಡಿ. ಇವತ್ತೇ ಎದ್ದು ಹೊರಗೆ ಬನ್ನಿ..."

ಮುಂದೆ ಅವನಿಗೆ ಓದೋಕಾಗ್ಲಿಲ್ಲ. ನಗ್ತಿದ್ನೋ ಅಳ್ತಿದ್ನೋ, ಆ ಐದು ಮುಖದಲ್ಲಿ ಯಾವುದು ಅಂತ ನಂಗೆ ಗೊತ್ತಾಗ್ಲಿಲ್ಲ.

"ಇನ್ನೂ ಐದು ಬರೋದೈತೆ" ಅಂದೆ. "ಅಂಗಡಿ ವಿಳಾಸಕ್ಕೆ. ನಿಮ್ಮಪ್ಪನ ಹೆಸರಿಗೆ ಬಂದಿದ್ದನ್ನ ಈ ಮೊಬೈಲ್ ಕವರಿನೋನು ಹೆಬ್ಬೆಟ್ಟು ಒತ್ತಿ ಇಸ್ಕಂತಾನೇನೋ?"

ಮಗ ಟೇಪ್ ಎತ್ತಿ ಅವನ ಕೈಗೆ ಕೊಟ್ಟು, "ಆರು ತಿಂಗಳು ಬಿಟ್ಟು ಬಾ ಗುರು" ಅಂದ.

ಈಗ ನಮ್ಮಂಗಡೀಲಿ ನಾಲ್ಕು ಪೇಪರು, ಕ್ಲಿಪ್ಪಿಗೆ ನೇತಾಕಿದ ಒಂದೇ ಒಂದು ಗಂಡಸರ ಪತ್ರಿಕೆ. ಮೊನ್ನೆ ಬಸ್ಸಿಗೆ ಕಾಯ್ತಿದ್ದ ಒಬ್ಬ ಅದನ್ನೇ ನೋಡಿ ನೋಡಿ, "ಅಜ್ಜಿ, ಅದು ಕೊಡಿ" ಅಂದ.

"ಮಾರೋದಲ್ಲಪ್ಪ, ನಮ್ಮೆಜಮಾನ್ರದ್ದು."

"ಅವರು ಓದಿ ಮುಗಿಸಿದ ಮೇಲಾದ್ರೂ ಕೊಡಿ."

"ಆಗ್ಲಿ" ಅಂದೆ, "ನಿಧಾನಕ್ಕೆ ಓದ್ತಾರೆ. ಕೂತ್ಕೋ."